ಅನ್ನದ ಋಣ, ಮಣ್ಣಿನ ಋಣ



ವಿಭೂತಿ ಬುಧವಾರದಂದು ನಾವೆಲ್ಲ ದೇವಾಲಯದಲ್ಲಿ ಸಾಲಾಗಿ ನಿಂತು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಮನುಷ್ಯ ಮಣ್ಣಿನಿಂದ ಬಂದವನು, ಮರಳಿ ಮಣ್ಣಿಗೇ ಸೇರುವವನು ಎಂಬ ಸತ್ಯವನ್ನು ಧರ್ಮಸಭೆ ಅಂದು ನಮ್ಮ ನೆನಪಿಗೆ ತರುತ್ತದೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ಸಾವಿನ ಎಚ್ಚರಿಕೆ ಎಂದಷ್ಟೇ ತಿಳಿಯುತ್ತೇವೆ. ಒಂದಲ್ಲ ಒಂದು ದಿನ ಹೋಗಲೇಬೇಕು; ಆದ್ದರಿಂದ ಈಗಲೇ ಪಶ್ಚಾತ್ತಾಪಪಟ್ಟು ದೇವರ ಕಡೆಗೆ ತಿರುಗಿಕೊಳ್ಳಬೇಕು. ಈ ಅರ್ಥ ಸರಿಯಾದದ್ದೇ. ಆದರೆ ಆ ಚಿಟಿಕೆ ಬೂದಿಯಲ್ಲಿ ಇನ್ನೊಂದು ಪಾಠವೂ ಅಡಗಿದೆ.

ಆ ಬೂದಿ ಎಲ್ಲಿಂದ ಬಂತು? ಹಿಂದಿನ ವರ್ಷದ ಗರಿಗಳ ಭಾನುವಾರ ನಾವು ಕೈಯಲ್ಲಿ ಹಿಡಿದು ಮೆರವಣಿಗೆ ಹೋದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಗರಿ ಉರಿದಾಗ ಅದರ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ, ನೀರಾವಿಯಾಗಿ ಗಾಳಿಗೆ ಹೋಗುತ್ತದೆ. ಆ ಪಾಲು ಬಂದದ್ದೂ ಗಾಳಿಯಿಂದ, ಮಳೆಯಿಂದ. ಹಿಂದೆ ಉಳಿಯುವುದು ಬೇರು ಮಣ್ಣಿನಿಂದ ಹೀರಿದ ಸುಣ್ಣ, ಪೊಟ್ಯಾಸಿಯಂ, ರಂಜಕ ಮುಂತಾದ ಲವಣಗಳು. ಗಾಳಿಯದು ಗಾಳಿಗೆ ಮರಳಿತು. ಮಣ್ಣು ಕೊಟ್ಟದ್ದು ನಮ್ಮ ಹಣೆಯ ಮೇಲೆ ಬಂದು ಕುಳಿತಿತು! ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುತ್ತಿದ್ದ, ಹೀರೆ ಬಳ್ಳಿಯ ಬುಡಕ್ಕೆ ಚೆಲ್ಲುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಬೂದಿಯೆಂದರೆ ಮಣ್ಣಿಗೆ ಹಿಂದಿರುಗಿಸಬೇಕಾದ ಸಾಲ ಎಂದು ಅವರಿಗೆ ಗೊತ್ತಿತ್ತು.

ನಾವು ತಿನ್ನುವುದು, ಉಡುವುದು, ನಮ್ಮ ಈ ದೇಹವೂ ಸಾಲವಾಗಿ ಪಡೆದದ್ದಾದರೆ, ಅದನ್ನು ಹಿಂದಿರುಗಿಸದೆ ಹಾಳುಮಾಡುವುದು ತಪ್ಪಲ್ಲವೇ? ಎಸೆಯುವುದು ಪಾಪವೇ? ಪಾಪನಿವೇದನೆಯಲ್ಲಿ ನಾವು ಸುಳ್ಳು, ಸಿಟ್ಟು, ಕದ್ದದ್ದು, ಪೂಜೆ ತಪ್ಪಿಸಿದ್ದು ಎಲ್ಲವನ್ನೂ ಹೇಳುತ್ತೇವೆ. ಎಸೆದದ್ದನ್ನು ಎಂದಾದರೂ ಹೇಳಿದ್ದೇವೆಯೇ? ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಒಂದು ಮುದ್ದೆಯ ಕಥೆ

ನಿಮ್ಮ ತಟ್ಟೆಯಲ್ಲಿರುವ ರಾಗಿಮುದ್ದೆಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಇಂಗಾಲ ಗಾಳಿಯಿಂದ ಬಂದದ್ದು. ರಾಗಿಯ ಎಲೆ ಬಿಸಿಲಿನ ಸಹಾಯದಿಂದ ಅದನ್ನು ನೀರಿನೊಡನೆ ಕೂಡಿಸಿ ಹಿಟ್ಟನ್ನಾಗಿ ಮಾಡಿತು. ನೀವು ಅದನ್ನು ಉಂಡು, ದುಡಿದು, ಉಸಿರು ಬಿಟ್ಟಾಗ ಆ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ನಾಳೆ ಯಾರದೋ ಹೊಲದ ಇನ್ನೊಂದು ಎಲೆ ಅದನ್ನು ಹಿಡಿಯುತ್ತದೆ.

ಸಾರಜನಕದ ಕಥೆ ಇನ್ನೂ ಸೋಜಿಗದ್ದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ರಾಗಿಗೆ ಅದನ್ನು ನೇರವಾಗಿ ಬಳಸಿಕೊಳ್ಳಲು ಬರುವುದಿಲ್ಲ. ಅವರೆ, ತೊಗರಿ, ಅಲಸಂದೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಕಣ್ಣಿಗೆ ಕಾಣದ ಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. ಹಳೇ ಮೈಸೂರು ಸೀಮೆಯ ರೈತರು ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಾ ಬಂದದ್ದರ ಹಿಂದೆ ಈ ಜಾಣತನವಿದೆ. ಸಾರಿಗೆ ಕಾಳೂ ಆಯಿತು, ಹೊಲಕ್ಕೆ ಸಾರವೂ ಆಯಿತು.

ಇನ್ನು ರಂಜಕ. ನಮ್ಮ ಮೂಳೆ, ಹಲ್ಲುಗಳಿಗೆ ಬಲ ಕೊಡುವುದು ಇದು. ಇದು ಗಾಳಿಯಲ್ಲಿ ತೇಲಿ ಬರುವುದಿಲ್ಲ, ಮಳೆಯೊಡನೆ ಸುರಿಯುವುದಿಲ್ಲ. ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಸವೆದು ಮಣ್ಣಾದಾಗ ಚೂರು ಚೂರೇ ಬಿಡುಗಡೆಯಾಗುತ್ತದೆ. ಆದ್ದರಿಂದ ಹೊಲದಿಂದ ತೆಗೆದ ರಂಜಕ ಮತ್ತೆ ಹೊಲಕ್ಕೆ ಸಿಗಬೇಕಾದರೆ ಒಂದೇ ದಾರಿ: ತಿಂದವರು ಹಿಂದಿರುಗಿಸಬೇಕು. ಸಗಣಿಯಾಗಿ, ಎಲೆಗೊಬ್ಬರವಾಗಿ, ಮೂಳೆಯಾಗಿ, ಕೆರೆಯ ಗೋಡಾಗಿ ಅದು ಮರಳಬೇಕು.

ಪಶ್ಚಿಮ ಘಟ್ಟದ ಕಾಡಿಗೆ ಯಾರು ಗೊಬ್ಬರ ಹಾಕುತ್ತಾರೆ? ಯಾರೂ ಇಲ್ಲ. ಆದರೂ ಅದು ಬರಡಾಗುವುದಿಲ್ಲ. ಎಲೆ ಉದುರುತ್ತದೆ, ಗೆದ್ದಲು, ಅಣಬೆ, ಎರೆಹುಳು ಅದನ್ನು ಮಣ್ಣು ಮಾಡುತ್ತವೆ, ಬೇರು ಅದನ್ನು ಮತ್ತೆ ಮೇಲಕ್ಕೆ ಒಯ್ಯುತ್ತದೆ. ಜಿಂಕೆ ಹುಲ್ಲನ್ನು ತಿನ್ನುತ್ತದೆ, ಹುಲಿ ಜಿಂಕೆಯನ್ನು ತಿನ್ನುತ್ತದೆ, ಕೊನೆಗೆ ಹುಲಿಯನ್ನೂ ಹುಲ್ಲು ಪಡೆದುಕೊಳ್ಳುತ್ತದೆ. ಅಲ್ಲಿ ಕಸ ಎಂಬುದೇ ಇಲ್ಲ. ಒಬ್ಬರ ಎಂಜಲು ಇನ್ನೊಬ್ಬರ ಅನ್ನ. ನದಿಗಳೆಲ್ಲ ಸಮುದ್ರಕ್ಕೆ ಹರಿದರೂ ಸಮುದ್ರ ತುಂಬುವುದಿಲ್ಲ, ನೀರು ಹೊರಟಲ್ಲಿಗೇ ಮರಳುತ್ತದೆ ಎಂಬ ಸಂಗತಿಯನ್ನು ಪವಿತ್ರ ಗ್ರಂಥದ ಉಪದೇಶಕ ಎಂದೋ ಗಮನಿಸಿದ್ದ. ವಸ್ತು ರೂಪ ಬದಲಿಸುತ್ತದೆಯೇ ಹೊರತು ನಾಶವಾಗುವುದಿಲ್ಲ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಲಾವಾಸಿಯೆ 1789ರ ತಮ್ಮ ಗ್ರಂಥದಲ್ಲಿ ತೂಕ ಲೆಕ್ಕಗಳ ಆಧಾರದ ಮೇಲೆ ವಿವರಿಸಿದರು.

ಹಾಗಾದರೆ ನಾನು ಯಾರು?

60 ಕಿಲೋ ತೂಕದ ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 11 ಕಿಲೋ ಇಂಗಾಲ, 2 ಕಿಲೋಗೆ ತುಸು ಕಡಿಮೆ ಸಾರಜನಕ, 600 ಗ್ರಾಂನಷ್ಟು ರಂಜಕ ಇರುತ್ತವೆ. ಮಿಕ್ಕದ್ದರಲ್ಲಿ ಹೆಚ್ಚಿನದು ನೀರು. ಇದರಲ್ಲಿ ಒಂದು ಕಣವನ್ನೂ ನಾವು ಸೃಷ್ಟಿಸಿದ್ದಲ್ಲ. ನಮಗಿಂತ ಮುಂಚೆ ಇವು ಹುಲ್ಲಾಗಿದ್ದವು, ಹಸುವಾಗಿದ್ದವು, ಬೇರೆ ಮನುಷ್ಯರೂ ಆಗಿದ್ದವು. ನಾಳೆ ಬೇರೆಯವರಾಗುತ್ತವೆ.

ಇಲ್ಲಿ ಕೆಲವರಿಗೆ ಗಾಬರಿಯಾಗಬಹುದು. ಹಾಗಾದರೆ ಮನುಷ್ಯನೆಂದರೆ ಬರೀ ಗೊಬ್ಬರವೇ? ಕಣಗಳು ಒಬ್ಬರಿಂದ ಒಬ್ಬರಿಗೆ ಹೋಗುವುದಾದರೆ ಕೊನೆಯ ದಿನ ದೇಹದ ಪುನರುತ್ಥಾನವಾಗುವಾಗ ಯಾವ ಕಣ ಯಾರಿಗೆ?

ಈ ಪ್ರಶ್ನೆ ಹೊಸದೇನೂ ಅಲ್ಲ. ಸಂತ ಅಗಸ್ಟೀನರು 5ನೇ ಶತಮಾನದಲ್ಲೇ ‘ದೇವರ ನಗರ’ ಎಂಬ ತಮ್ಮ ಮಹಾಗ್ರಂಥದ ಕೊನೆಯ ಸಂಪುಟದಲ್ಲಿ ಇದನ್ನು ಎತ್ತಿಕೊಂಡಿದ್ದಾರೆ. ಬರಗಾಲದಲ್ಲಿ ಹಸಿವು ತಾಳಲಾರದೆ ಒಬ್ಬ ಮನುಷ್ಯ ಇನ್ನೊಬ್ಬನ ಮಾಂಸವನ್ನು ತಿಂದರೆ ಆ ಮಾಂಸ ಕೊನೆಗೆ ಯಾರಿಗೆ ಸೇರಬೇಕು? ಅದು ಮೊದಲು ಯಾರದಾಗಿತ್ತೋ ಅವನಿಗೇ ಸೇರಬೇಕು, ತಿಂದವನ ಬಳಿ ಅದು ಸಾಲದ ಹಣದಂತೆ ಇತ್ತು, ಸಾಲವನ್ನು ಕೊಟ್ಟವನಿಗೆ ಹಿಂದಿರುಗಿಸಲೇಬೇಕು ಎಂಬುದು ಅವರ ಉತ್ತರ. ಸಾಲ ಎಂಬ ಹೋಲಿಕೆಯನ್ನು ಗಮನಿಸಿ! 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇನ್ನೂ ಮುಂದೆ ಹೋದರು. ಉರಿಯುವ ಬೆಂಕಿಯಲ್ಲಿ ಹಳೆಯ ಸೌದೆ ಸುಟ್ಟುಹೋಗುತ್ತದೆ, ಹೊಸ ಸೌದೆ ಬಂದು ಬೀಳುತ್ತದೆ. ಆದರೂ ಅದು ಅದೇ ಬೆಂಕಿ. ಹಾಗೆಯೇ ದೇಹದ ವಸ್ತು ಬಂದು ಹೋಗುತ್ತಿದ್ದರೂ ಮನುಷ್ಯ ಅದೇ ಮನುಷ್ಯನಾಗಿ ಉಳಿಯುತ್ತಾನೆ ಎಂದರು. ನಮ್ಮನ್ನು ನಾವಾಗಿ ಉಳಿಸುವುದು ಕೂಡಿಟ್ಟ ಕಣಗಳಲ್ಲ. ದೇವರು ಕೊಟ್ಟ ಆತ್ಮ, ನಮ್ಮನ್ನು ಹೆಸರು ಹಿಡಿದು ಕರೆಯುವ ಆತನ ಪ್ರೀತಿ.

ಹಾಗೆಂದು ದೇಹ, ಮಣ್ಣು ಎಲ್ಲ ತುಚ್ಛ, ಆತ್ಮವೊಂದೇ ಮುಖ್ಯ ಎನ್ನುವುದೂ ನಮ್ಮ ವಿಶ್ವಾಸವಲ್ಲ. ದೇವಪುತ್ರ ನಿಜವಾದ ನರದೇಹ ಧರಿಸಿದರು. ಗಲಿಲೇಯದ ಮೀನು, ಜವೆಗೋಧಿಯ ರೊಟ್ಟಿ ಅವರ ರಕ್ತಮಾಂಸವಾದವು. ಅಂದರೆ ಈ ಮಣ್ಣು, ನೀರು, ಗಾಳಿಯ ಸುತ್ತಾಟದೊಳಗೆ ಪ್ರಭು ಯೇಸುವೇ ಕಾಲಿಟ್ಟರು. ಪ್ರತಿ ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಅರ್ಪಿಸುವಾಗ ಅದು ಭೂಮಿಯ ಫಲವೆಂದೂ ಮನುಷ್ಯರ ದುಡಿಮೆಯ ಫಲವೆಂದೂ ಹೇಳಿ ದೇವರನ್ನು ಸ್ತುತಿಸುತ್ತಾರೆ. ಭೂಮಿಯನ್ನು ಕೆಡಿಸಿ, ದುಡಿಯುವವರನ್ನು ಕಡೆಗಣಿಸಿ, ಆ ಪ್ರಾರ್ಥನೆಗೆ ನಾವು ದನಿಗೂಡಿಸುವುದು ಹೇಗೆ?

ಸರಪಳಿ ತುಂಡಾದದ್ದು ಎಲ್ಲಿ?

ಹಿಂದೆ ಊರಿನ ಅನ್ನ ಊರಲ್ಲೇ ತಿರುಗುತ್ತಿತ್ತು. ಈಗ ಕೋಲಾರದ ಟೊಮೇಟೊ, ಮಂಡ್ಯದ ಅಕ್ಕಿ ಬೆಂಗಳೂರಿಗೆ ಬರುತ್ತವೆ. ಅವುಗಳೊಡನೆ ಆ ಹೊಲಗಳ ಸಾರಜನಕ, ರಂಜಕವೂ ಲಾರಿ ಹತ್ತಿ ಬರುತ್ತವೆ. ಬೆಳೆದ ವ್ಯಕ್ತಿಯೊಬ್ಬ ದಿನವೂ ಎಷ್ಟು ಸಾರಜನಕ, ರಂಜಕ ತಿನ್ನುತ್ತಾನೋ ಹೆಚ್ಚುಕಡಿಮೆ ಅಷ್ಟನ್ನೂ ಮಲಮೂತ್ರದಲ್ಲಿ ಹೊರಹಾಕುತ್ತಾನೆ. ಆದರೆ ಅದು ಕೋಲಾರ, ಮಂಡ್ಯದ ಹೊಲಗಳಿಗೆ ಹೋಗುವುದಿಲ್ಲ. ಬಹುಪಾಲು ಚರಂಡಿಗೆ ಹೋಗುತ್ತದೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ.

ಹೊಲಕ್ಕೆ ಅಮೃತವಾದದ್ದು ಕೆರೆಗೆ ವಿಷ. ಪಾಚಿ, ಅಂತರಗಂಗೆ ಮಿತಿಮೀರಿ ಬೆಳೆದು ಕೊಳೆಯುತ್ತವೆ. ನೀರಿನಲ್ಲಿರುವ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ, ಸಾಬೂನು ಪುಡಿಯ ನೀರು ತುಂಬಿದ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ ರಸ್ತೆಗೆ ಚೆಲ್ಲಿತು; 2015ರಲ್ಲೂ 2017ರಲ್ಲೂ ಆ ಕೆರೆಗೆ ಬೆಂಕಿಯೇ ಹತ್ತಿಕೊಂಡಿತು. ನೀರಿಗೆ ಬೆಂಕಿ! ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಇತ್ತ ಬರಿದಾದ ಹೊಲಕ್ಕೆ ಚೀಲದ ಗೊಬ್ಬರ ಬೇಕಾಯಿತು. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಇಂದು ಲೋಕದ ಸುಮಾರು ಅರ್ಧದಷ್ಟು ಜನರ ಊಟ ಈ ವಿಧಾನದ ಗೊಬ್ಬರದ ಮೇಲೆ ನಿಂತಿದೆ. ಇದನ್ನು ಶಪಿಸುವುದು ಕೃತಘ್ನತೆಯಾದೀತು. ಆದರೆ ಇದಕ್ಕೆ ನೆಲದಾಳದ ಅನಿಲ, ಕಲ್ಲಿದ್ದಲನ್ನು ಉರಿಸಬೇಕು. ರಂಜಕಕ್ಕಂತೂ ಮೊರಾಕ್ಕೊ, ಜೋರ್ಡಾನ್‌ಗಳ ಬಂಡೆಯನ್ನು ಹಡಗಿನಲ್ಲಿ ತರಿಸಬೇಕು. ದೂರದ ದೇಶದ ಬಂಡೆ ನಮ್ಮ ಹೊಲಕ್ಕೆ ಬಂದು, ಅಲ್ಲಿಂದ ನಮ್ಮ ತಟ್ಟೆಗೆ ಬಂದು, ಕೊನೆಗೆ ಕೆರೆಯ ತಳ ಸೇರುತ್ತದೆ. ಚಕ್ರವಾಗಿದ್ದದ್ದು ಒಮ್ಮುಖ ರಸ್ತೆಯಾಯಿತು. ಗೊಬ್ಬರದ ಬೆಲೆ ಏರಿದಾಗಲೆಲ್ಲ ಸಾಲದ ಹೊರೆ ಬೀಳುವುದು ರೈತನ ಹೆಗಲ ಮೇಲೆ.

ಗಾಳಿಯ ಲೆಕ್ಕವೂ ಹೀಗೇ ತಪ್ಪಿದೆ. ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಇಂಗಾಲವನ್ನು ನಾವು ಇನ್ನೂರು ಮುನ್ನೂರು ವರ್ಷಗಳಲ್ಲಿ ಎಬ್ಬಿಸಿ ಸುಟ್ಟೆವು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಕಾಡು, ಕಡಲು ಎರಡೂ ಸೇರಿ ಹೀರಿಕೊಳ್ಳಲಾರದಷ್ಟು ವೇಗವಾಗಿ ನಾವು ಹೊಗೆ ಬಿಡುತ್ತಿದ್ದೇವೆ. ಇನ್ನು ಪ್ಲಾಸ್ಟಿಕ್ಕು, ಅದನ್ನು ಬೇಗನೆ ತಿಂದು ಮಣ್ಣು ಮಾಡುವ ಎರೆಹುಳುವೂ ಇಲ್ಲ, ಅಣಬೆಯೂ ಇಲ್ಲ.

ಬೆಲೆ ತೆರುವವರು ಯಾರು?

ಈವರೆಗೆ ಹೇಳಿದ್ದು ವಿಜ್ಞಾನದ ಮಾತಾಯಿತು. ಪಾಪಪುಣ್ಯದ ಮಾತು ಶುರುವಾಗುವುದು ಇಲ್ಲಿಂದ. ನಾವು ಹಿಂದಿರುಗಿಸದೆ ಉಳಿಸಿಕೊಂಡ ಸಾಲವನ್ನು ನಮ್ಮ ಬದಲಿಗೆ ಬೇರೆ ಯಾರೋ ತೀರಿಸುತ್ತಿದ್ದಾರೆ.

ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಯಿತು. ಹಸಿ ಕಸ ಒಣ ಕಸ ಒಂದಾಗಿ ಗುಡ್ಡೆ ಬಿದ್ದಾಗ ಒಳಗೆ ಗಾಳಿಯಾಡದೆ ಕೊಳೆತು ಮಿಥೇನ್ ಅನಿಲ ಹುಟ್ಟುತ್ತದೆ; ಕೊಳೆನೀರು ಇಳಿದು ಬಾವಿಗಳನ್ನು ಕೆಡಿಸುತ್ತದೆ. ನಗರದವರು ಮೂಗು ಮುಚ್ಚಿಕೊಂಡು ಹೊರಗಿಟ್ಟದ್ದನ್ನು ಹಳ್ಳಿಯವರು ಹಗಲಿರುಳು ಉಸಿರಾಡಬೇಕಾಯಿತು. 2014ರಲ್ಲಿ ಅಲ್ಲಿಯ ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆಯೇ ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಒಯ್ಯುವುದು ನಿಂತಿತು. ಬಾಳೆಸಿಪ್ಪೆ, ಉಳಿದ ಅನ್ನ, ಒಡೆದ ಗಾಜು, ಮಗುವಿನ ಡೈಪರ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗಂಟು ಕಟ್ಟುವಾಗ ಅದನ್ನು ಬಿಚ್ಚುವ ಕೈ ಯಾವುದೆಂದು ನಾವು ಯೋಚಿಸುತ್ತೇವೆಯೇ? ಬೆಳಗಿನ ಜಾವ ಬರುವ ಪೌರಕಾರ್ಮಿಕ ತಾಯಿಯ ಕೈ ಅದು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದ್ದರೂ ಆ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಅದರ ನಂತರವೂ ಬಂದಿದೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸೃಷ್ಟಿಯನ್ನು ಗೌರವಿಸುವ ಕರ್ತವ್ಯವನ್ನು ಯಾವ ಕಟ್ಟಳೆಯ ಕೆಳಗೆ ಇಟ್ಟಿದೆ ಗೊತ್ತೇ? ಕದಿಯಬಾರದೆಂಬ ಏಳನೆಯ ಕಟ್ಟಳೆಯ ಕೆಳಗೆ, 2415ನೇ ಖಂಡದಲ್ಲಿ. ಅದು ಅಲ್ಲಿಯೇ ಇರುವುದು ನ್ಯಾಯ. ಪಡೆದ ಸಾಲವನ್ನು ಹಿಂದಿರುಗಿಸದವನು ಕಳ್ಳನೇ ಅಲ್ಲವೇ? ನಾವು ಕದಿಯುತ್ತಿರುವುದು ನೆರೆಯವರಿಂದ, ನಮ್ಮ ಮೊಮ್ಮಕ್ಕಳಿಂದ. ಯಾಜಕಕಾಂಡದ 25ನೇ ಅಧ್ಯಾಯವನ್ನು ಓದಿ ನೋಡಿ. ಭೂಮಿ ದೇವರದು, ನಾವು ಅದರಲ್ಲಿ ತಂಗಿರುವ ಪ್ರವಾಸಿಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರಲಾಗದು ಎಂಬುದು ಅಲ್ಲಿಯ ಕಟ್ಟಳೆ. ಏಳನೆಯ ವರ್ಷ ಹೊಲಕ್ಕೂ ವಿಶ್ರಾಂತಿ ಕೊಡಬೇಕು.

ಸಂತ ಎರಡನೇ ಜಾನ್ ಪಾಲರು 1990ರ ವಿಶ್ವ ಶಾಂತಿ ದಿನದ ಸಂದೇಶವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟರು. ಜಗದ್ಗುರು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದ 22ನೇ ಖಂಡದಲ್ಲಿ ಇದೇ ಚಕ್ರವನ್ನು ವಿವರಿಸಿದ್ದಾರೆ. ಗಿಡ ಪ್ರಾಣಿಗೆ ಆಹಾರವಾಗುತ್ತದೆ, ಪ್ರಾಣಿಯ ತ್ಯಾಜ್ಯ ಹೊಸ ಗಿಡಕ್ಕೆ ಆಹಾರವಾಗುತ್ತದೆ. ನಮ್ಮ ಕೈಗಾರಿಕಾ ಜೀವನ ಮಾತ್ರ ಹೀಗೆ ಮರಳಿಸುವುದನ್ನು ಇನ್ನೂ ಕಲಿತಿಲ್ಲ ಎಂದು ಅವರು ನೊಂದುಕೊಂಡರು. ವಸ್ತುಗಳನ್ನು ಎಸೆಯುವ ಸಂಸ್ಕೃತಿ ಕೊನೆಗೆ ಮನುಷ್ಯರನ್ನೂ ಎಸೆಯುತ್ತದೆ ಎಂಬುದು ಅವರ ಕಳವಳವಾಗಿತ್ತು. ವಯಸ್ಸಾದ ತಂದೆತಾಯಿಯನ್ನು ಒಂಟಿಯಾಗಿ ಬಿಡುವ ಮನೆಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

“ನಮ್ಮೊಂದು ಮನೆಯ ಸಿಪ್ಪೆಯಿಂದ ಏನಾಗುತ್ತದೆ?” ಎಂದು ನೀವು ಕೇಳಬಹುದು. ಲೋಕದ ಲೆಕ್ಕದಲ್ಲಿ ಅದು ಚಿಕ್ಕದೇ. ಸರ್ಕಾರ, ನಗರಸಭೆ, ದೊಡ್ಡ ಕಾರ್ಖಾನೆಗಳು ಮಾಡಬೇಕಾದ ಕೆಲಸವನ್ನು ನಮ್ಮ ಒಂದು ಬಕೆಟ್ಟು ಮಾಡಲಾರದು. ಅವರನ್ನು ಕೇಳುವುದೂ ನಮ್ಮ ಕರ್ತವ್ಯ. ಆದರೆ ಆ ಪೌರಕಾರ್ಮಿಕ ತಾಯಿಯ ಪಾಲಿಗೆ ನಮ್ಮ ಚೀಲ ಚಿಕ್ಕದಲ್ಲ. ಅದರೊಳಗಿನ ಒಡೆದ ಗಾಜು ಕೊಯ್ಯುವುದು ಅವರ ಬೆರಳನ್ನು. ಇನ್ನೊಂದು ಎಚ್ಚರಿಕೆಯೂ ಇರಲಿ. ಮರಳಿಸುವುದೆಂದರೆ ನಮ್ಮ ಹೊಲಸನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸುವುದಲ್ಲ. 2018ರಲ್ಲಿ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸಲು ಆರಂಭಿಸಿದಾಗ ಬತ್ತಿದ ಕೆರೆಗಳು ತುಂಬಿದವು, ನಿಜ. ಮೂರನೆಯ ಹಂತವನ್ನೂ ಶುದ್ಧಿಮಾಡಿ ಕೊಡಿ ಎಂದು ಅಲ್ಲಿಯ ಜನ ಕೇಳಿದ್ದೂ ನ್ಯಾಯವೇ. ಸಾಲ ತೀರಿಸುವಾಗ ಒಳ್ಳೆಯ ನಾಣ್ಯದಲ್ಲಿ ತೀರಿಸಬೇಕು.

ಮನೆಯಲ್ಲಿ, ಧರ್ಮಕೇಂದ್ರದಲ್ಲಿ

ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತೇವೆ, ಸಿಹಿ ಬಿಡುತ್ತೇವೆ. ಇದರೊಡನೆ ಮರಳಿಸುವ ವ್ರತವನ್ನೂ ಸೇರಿಸಿಕೊಳ್ಳಬಾರದೇಕೆ? ಹಸಿ ಕಸವನ್ನು ಬೇರೆಯಾಗಿಡಿ. ಸ್ಥಳವಿದ್ದರೆ ಹಿತ್ತಲಲ್ಲಿ ಒಂದು ಗುಂಡಿ, ಇಲ್ಲವಾದರೆ ತಾರಸಿಯ ಮೇಲೆ ತೂತು ಹಾಕಿದ ಒಂದು ಡ್ರಮ್ಮು ಸಾಕು. ಸಿಪ್ಪೆಯ ಮೇಲೆ ಒಂದಿಷ್ಟು ಒಣ ಎಲೆ ಹಾಕುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ಕಪ್ಪು ಮಣ್ಣಾಗುತ್ತದೆ. ಮಕ್ಕಳ ಕೈಯಿಂದಲೇ ಅದನ್ನು ಗಿಡಕ್ಕೆ ಹಾಕಿಸಿ. ಸೃಷ್ಟಿಕರ್ತನ ಬಗ್ಗೆ ಹತ್ತು ಪಾಠ ಹೇಳಿದರೂ ತಿಳಿಯದ್ದು ಆ ಒಂದು ಹಿಡಿ ಮಣ್ಣಿನಲ್ಲಿ ತಿಳಿದೀತು.

ದೇವಾಲಯದ ಪೀಠಕ್ಕೆ ಏರಿಸಿದ ಹೂವು ವಾರದ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮ ಧರ್ಮಕೇಂದ್ರದಲ್ಲಿ ವಿಚಾರಿಸಿ. ಅದಕ್ಕೂ ಒಂದು ಗೊಬ್ಬರದ ಗುಂಡಿ ಇರಲಿ. ಹಬ್ಬದ ಊಟಕ್ಕೆ, ಮದುವೆಗೆ ಪ್ಲಾಸ್ಟಿಕ್ ತಟ್ಟೆ ಬಿಟ್ಟು ಬಾಳೆಲೆ, ಮುತ್ತುಗದೆಲೆ ಹಾಕಿ. ನವೆಂಬರ್ 2ರಂದು ಸಮಾಧಿಗಳಿಗೆ ಪ್ಲಾಸ್ಟಿಕ್ ಹಾರ ಬೇಡ; ಮಣ್ಣಿಗೆ ಮರಳಿದ ನಮ್ಮ ಹಿರಿಯರ ಮೇಲೆ ಎಂದೂ ಮಣ್ಣಾಗದ ವಸ್ತುವನ್ನು ಹೊದಿಸುವುದು ಯಾವ ಗೌರವ? ಹಳ್ಳಿಯಲ್ಲಿರುವವರು ಅಕ್ಕಡಿ ಸಾಲನ್ನು, ತಿಪ್ಪೆಗುಂಡಿಯನ್ನು, ಕೆರೆಯ ಗೋಡು ಹೊಡೆಯುವ ಪದ್ಧತಿಯನ್ನು ಕೈಬಿಡಬೇಡಿ. ಕಸ ಒಯ್ಯಲು ಬರುವ ತಾಯಿಯ ಹೆಸರು ಕೇಳಿ ತಿಳಿದುಕೊಳ್ಳಿ. ಹೆಸರು ಹಿಡಿದು ಮಾತನಾಡಿಸಿ.

ದೇವರು ಧಾರಾಳವಾಗಿ ಕೊಡುತ್ತಾನೆ, ಇಷ್ಟು ಜಿಪುಣತನ ಏಕೆ ಎಂದು ಯಾರಿಗಾದರೂ ಅನ್ನಿಸಿದರೆ ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯವನ್ನು ತೆರೆಯಿರಿ. ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಜನ ಹೊಟ್ಟೆ ತುಂಬಾ ಉಂಡಿದ್ದರು. ಬೇಕಾದರೆ ಇನ್ನೂ ಐದು ಸಾವಿರ ಜನರಿಗೆ ಉಣಿಸುವ ಶಕ್ತಿ ಯೇಸುಸ್ವಾಮಿಗೆ ಇತ್ತು. ಆದರೂ ಉಳಿದ ತುಣುಕುಗಳಲ್ಲಿ ಒಂದೂ ಹಾಳಾಗದಂತೆ ಕೂಡಿಸಿರಿ ಎಂದು ಅವರು ಶಿಷ್ಯರಿಗೆ ಹೇಳಿದರು. ಶಿಷ್ಯರು ಬಗ್ಗಿ ಹುಲ್ಲಿನ ಮೇಲಿಂದ ಆಯ್ದು ಹನ್ನೆರಡು ಬುಟ್ಟಿ ತುಂಬಿಸಿದರು.

ಊಟಕ್ಕೆ ಮುಂಚೆ ನಾವು ಕೈಮುಗಿದು ದೇವರಿಗೆ ವಂದನೆ ಹೇಳುತ್ತೇವೆ. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಸರಿಯಾದ ಕಡೆಗೆ ಸೇರಿಸುವುದೂ ಅದೇ ವಂದನೆಯ ಉಳಿದರ್ಧವೆಂದು ತಿಳಿಯೋಣ.